ಮನಸ್ಸಿನ ಪರೀಕ್ಷೆ ಅಂದ್ರೆ ಭಯ ಯಾಕೆ?

(ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ನೀಡಿದ ಮಾಹಿತಿಯ ಬರಹ ರೂಪ)



ಈ ಸಲದ ವಿಷಯವನ್ನು ಆರಿಸಿದ್ದು ನೀವೇ. ಸಂಘದ ಸಭೆಗಳಲ್ಲಿ ಮತ್ತೆ ಮತ್ತೆ ಕೇಳಿಬಂದ ಮೂರು ಪ್ರಶ್ನೆಗಳನ್ನು ನಮ್ಮ ಪ್ರೇರಕಿಯರು ಬರೆದುಕೊಂಡು ಬಂದಿದ್ದಾರೆ. ಒಬ್ಬ ತಾಯಿ ಕೇಳಿದ್ದು: "ಸಿಸ್ಟರ್, ಮಗನಿಗೆ ಬುದ್ಧಿ ಪರೀಕ್ಷೆ ಮಾಡಿಸಿಕೊಂಡು ಬನ್ನಿ ಅಂತ ಟೀಚರ್ ಹೇಳಿದ್ದಾರೆ. ಮಾರ್ಕು ಕಡಿಮೆ ಬಂದ್ರೆ ಶಾಲೆಯಿಂದ ತೆಗೆದುಹಾಕ್ತಾರಾ?" ಇನ್ನೊಬ್ಬರು: "ನನ್ನ ತಂಗಿಗೆ ಒಬ್ಬ ಡಾಕ್ಟರು ಒಂದು ಕಾಯಿಲೆ ಹೆಸರು ಹೇಳಿದ್ರು, ಇನ್ನೊಬ್ಬರು ಬೇರೆ ಹೇಳಿದ್ರು. ಯಾರನ್ನ ನಂಬೋದು?" ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು: "ಮಗಳಿಗೆ ತಲೆ ಸರಿ ಇಲ್ಲ ಅಂತ ಸರ್ಟಿಫಿಕೇಟ್ ಮಾಡಿಸಿ ಡೈವೋರ್ಸ್ ತಗೋತೀವಿ ಅಂತ ಗಂಡನ ಮನೆಯವರು ಹೆದರಿಸ್ತಿದ್ದಾರೆ."

ಮೂರರಲ್ಲೂ ಇರುವ ಹೆದರಿಕೆ ಒಂದೇ. ಯಾರೋ ಒಂದು ಗಂಟೆ ನೋಡಿ ಕಾಗದದ ಮೇಲೆ ಏನೋ ಬರೀತಾರೆ, ಆಮೇಲೆ ಆ ಕಾಗದ ಜೀವನಪೂರ್ತಿ ನಮ್ಮ ಹಿಂದೆ ಬರ್ತದೆ ಅನ್ನುವ ಹೆದರಿಕೆ. ಇದನ್ನು ಅಜ್ಞಾನ ಅಂತ ನಾವು ತಳ್ಳಿಹಾಕೋದಿಲ್ಲ. ಹಾಗೆ ಆಗಿರೋದೂ ಉಂಟು. ಅದಕ್ಕೇ "ಹೆದರಬೇಡಿ" ಅಂತ ಒಂದು ಮಾತು ಹೇಳಿ ಕೂತರೆ ಸಾಲದು. ಆ ಕಾಗದದಲ್ಲಿ ಏನಿರುತ್ತೆ, ಅದನ್ನು ಯಾರು ಬರೆಯಬಹುದು, ಯಾವುದಕ್ಕೆ ಬಳಸಬಹುದು, ಯಾವುದಕ್ಕೆ ಬಳಸಬಾರದು ಅಂತ ನಮಗೆ ಗೊತ್ತಿರಬೇಕು. ಸಾಲದ ಕಾಗದಕ್ಕೆ ಸಹಿ ಹಾಕುವ ಮುಂಚೆ ಬಡ್ಡಿ ಎಷ್ಟು, ಕಂತು ಎಷ್ಟು ಅಂತ ಕೇಳೋದನ್ನ ನೀವು ಕಲಿತಿದ್ದೀರಿ. ಇಲ್ಲೂ ಅಷ್ಟೇ ಧೈರ್ಯದಿಂದ ಕೇಳಬೇಕು.

ಮೊದಲು ಮಕ್ಕಳ ವಿಷಯ.

ಪರೀಕ್ಷೆಯ ಕೋಣೆಯಲ್ಲಿ ಏನು ನಡೆಯುತ್ತೆ ಅಂತ ಗೊತ್ತಿಲ್ಲದ್ದಕ್ಕೇ ಅರ್ಧ ಭಯ. ಅಲ್ಲಿ ಒಂದು ಮೇಜು, ಎರಡು ಕುರ್ಚಿ ಇರುತ್ತೆ. ಬಣ್ಣದ ಮರದ ತುಂಡುಗಳನ್ನು ಚಿತ್ರದಲ್ಲಿ ಇರುವ ಹಾಗೆ ಜೋಡಿಸಬೇಕು. ಹಲಗೆಯಲ್ಲಿ ಕೊರೆದ ಜಾಗಕ್ಕೆ ಸರಿಯಾದ ಆಕಾರ ಹುಡುಕಿ ಕೂರಿಸಬೇಕು. ನಾಲ್ಕೈದು ಅಂಕಿ ಹೇಳ್ತಾರೆ, ಅದನ್ನು ಹಾಗೇ ಹೇಳಬೇಕು, ಆಮೇಲೆ ಹಿಂದಿನಿಂದ ಮುಂದಕ್ಕೆ ಹೇಳಬೇಕು. ಸೂಜಿ ಚುಚ್ಚುವುದಿಲ್ಲ, ಕರೆಂಟ್ ಕೊಡುವುದಿಲ್ಲ. ತಾಯಿಯ ಹತ್ತಿರ ಬೇರೆ ಕೂತು ಕೇಳ್ತಾರೆ: ತಾನೇ ಕಲಸಿಕೊಂಡು ಊಟ ಮಾಡ್ತಾನಾ, ಅಂಗಿಯ ಗುಂಡಿ ಹಾಕಿಕೊಳ್ತಾನಾ, ಅಂಗಡಿಗೆ ಕಳಿಸಿದ್ರೆ ಸರಿಯಾಗಿ ಚಿಲ್ಲರೆ ತರ್ತಾನಾ ಅಂತ. ಈ ಎರಡನೆಯ ಭಾಗ ಬಹಳ ಮುಖ್ಯ. ನಿಮ್ಮ ಮಗುವಿನ ದಿನಚರಿ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಸಂಕೋಚಪಟ್ಟು ಹೆಚ್ಚು ಹೇಳಬೇಡಿ, ಸರ್ಟಿಫಿಕೇಟ್ ಸಿಗಲಿ ಅಂತ ಕಡಿಮೆಯೂ ಹೇಳಬೇಡಿ. ಎರಡರಿಂದಲೂ ಕೊನೆಗೆ ಮಗುವಿಗೇ ತೊಂದರೆ.

ಈ ಪರೀಕ್ಷೆ ಹುಟ್ಟಿದ ಕಥೆಯನ್ನೂ ಸ್ವಲ್ಪ ಕೇಳಿ. ಫ್ರಾನ್ಸ್ ದೇಶದಲ್ಲಿ ಆಲ್ಫ್ರೆಡ್ ಬಿನೆ ಅನ್ನುವವರು ಸಿಮೋನ್ ಅನ್ನುವ ಡಾಕ್ಟರ ಜೊತೆ ಸೇರಿ 1905ರಲ್ಲಿ ಇದನ್ನು ಮಾಡಿದರು. ಶಾಲೆಯಲ್ಲಿ ಹಿಂದೆ ಬೀಳುವ ಮಕ್ಕಳಲ್ಲಿ ಯಾರಿಗೆ ವಿಶೇಷ ಪಾಠ ಬೇಕು ಅಂತ ಕಂಡುಹಿಡಿಯಲಿಕ್ಕೆ. ಮಗುವಿನ ಬುದ್ಧಿ ಇಷ್ಟೇ, ಇನ್ನು ಬೆಳೆಯೋದಿಲ್ಲ ಅನ್ನುವವರನ್ನು ಬಿನೆಯವರೇ ಬಲವಾಗಿ ವಿರೋಧಿಸಿದ್ದರು. ಸಹಾಯಕ್ಕಾಗಿ ಮಾಡಿದ ಅಳತೆಗೋಲು ಆಮೇಲೆ ಬೇರೆ ದೇಶಗಳಲ್ಲಿ ಮಕ್ಕಳನ್ನು ಮೂಲೆಗೆ ತಳ್ಳಲಿಕ್ಕೂ ಬಳಕೆಯಾಯಿತು. ಅದು ಆ ಅಳತೆಗೋಲಿನ ದುರ್ದೈವ. ನಮ್ಮ ಕಡೆ ವಿ. ವಿ. ಕಾಮತ್ ಅವರು ಇದೇ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆ ಹೊಂದುವ ಹಾಗೆ ಬದಲಾಯಿಸಿ 1934ರಲ್ಲಿ ಪ್ರಕಟಿಸಿದರು. ಇಂಗ್ಲಿಷ್ ಮಕ್ಕಳ ಪ್ರಶ್ನೆಯನ್ನು ಕನ್ನಡದ ಮಕ್ಕಳಿಗೆ ಹಾಗೇ ಕೇಳಬಾರದು ಅಂತ ತೊಂಬತ್ತು ವರ್ಷದ ಹಿಂದೆಯೇ ಗೊತ್ತಿತ್ತು ನೋಡಿ. ಬಿನೆ-ಕಾಮತ್ ಪರೀಕ್ಷೆ ಅಂತ ಈಗಲೂ ರಿಪೋರ್ಟುಗಳಲ್ಲಿ ಬರೆದಿರುತ್ತದೆ. ಅಷ್ಟು ಹಳೆಯ ಅಳತೆಗೋಲಿನಲ್ಲಿ ಈಗಿನ ಮಕ್ಕಳನ್ನು ಅಳೆಯೋದು ಎಷ್ಟು ಸರಿ ಅಂತ ತಿಳಿದವರಲ್ಲೇ ಚರ್ಚೆ ಇದೆ. ಒಳ್ಳೆಯ ಸೈಕಾಲಜಿಸ್ಟ್ ಒಂದೇ ಪರೀಕ್ಷೆ ನಂಬಿ ಕೂರುವುದಿಲ್ಲ.

ಈಗ ಆ ನಂಬರಿನ ಮಾತು. ಐಕ್ಯೂ ಅಂತ ಬರೆದಿರ್ತಾರಲ್ಲ, ಅದರಲ್ಲಿ 100 ಅನ್ನೋದು ಸರಾಸರಿ. ಮೂರರಲ್ಲಿ ಎರಡು ಪಾಲು ಜನ 85ರಿಂದ 115ರ ಒಳಗೆ ಬರ್ತಾರೆ. 70ಕ್ಕಿಂತ ಕಡಿಮೆ ಇದ್ದು, ದಿನದ ಕೆಲಸಗಳಲ್ಲೂ ವಯಸ್ಸಿಗೆ ತಕ್ಕ ಬೆಳವಣಿಗೆ ಇಲ್ಲದಿದ್ದರೆ ಮಾತ್ರ ಬೌದ್ಧಿಕ ಅಂಗವಿಕಲತೆ ಅನ್ನುತ್ತಾರೆ. ಬರೀ ನಂಬರ್ ನೋಡಿ ಹೇಳುವ ಹಾಗಿಲ್ಲ. ಈ ನಂಬರ್ ಶಾಲೆಯ ಮಾರ್ಕಿನ ಹಾಗೆ ಗಟ್ಟಿಯಾದದ್ದೂ ಅಲ್ಲ. 70 ಅಂತ ಬಂದರೆ ಅದು 65ರಿಂದ 75ರ ಒಳಗೆ ಎಲ್ಲೋ ಇದೆ ಅಂತ ಓದಬೇಕು. ಬೆಳಿಗ್ಗೆ ಐದೂವರೆ ಬಸ್ಸಿಗೆ ಹೊರಟು, ಬಸ್ಸಲ್ಲಿ ವಾಂತಿ ಮಾಡಿ, ಆಸ್ಪತ್ರೆಯಲ್ಲಿ ಮಧ್ಯಾಹ್ನದವರೆಗೆ ಹಸಿದು ಕೂತ ಮಗು ಆಮೇಲೆ ಗೊತ್ತಿಲ್ಲದವರ ಎದುರು ಮರದ ತುಂಡು ಜೋಡಿಸಬೇಕು ಅಂದ್ರೆ ಎಷ್ಟು ಚೆನ್ನಾಗಿ ಜೋಡಿಸೀತು? ಮಗುವಿಗೆ ಜ್ವರ ಇದ್ರೆ, ನಿದ್ದೆ ಇಲ್ಲದಿದ್ರೆ ಬಾಯಿಬಿಟ್ಟು ಹೇಳಿ. ಇನ್ನೊಂದು ದಿನ ಬರ್ತೀವಿ ಅನ್ನಿ.

ಭಾಷೆಯ ವಿಷಯ ಅಂತೂ ಮರೆಯಲೇಬೇಡಿ. ನಮ್ಮ ಸಂಘಗಳಲ್ಲಿ ಮನೆಯಲ್ಲಿ ಕೊಂಕಣಿ, ತುಳು, ಉರ್ದು, ಲಂಬಾಣಿ, ತಮಿಳು ಮಾತಾಡುವವರು ಎಷ್ಟೋ ಜನ ಇದ್ದೀರಿ. ಮಗು ಮನೆಯಲ್ಲಿ ಯಾವ ಭಾಷೆ ಮಾತಾಡ್ತದೆ, ಕನ್ನಡ ಎಷ್ಟು ಬರುತ್ತೆ ಅಂತ ಮೊದಲೇ ತಿಳಿಸಬೇಕು. ಮಾತಿನ ಅವಶ್ಯಕತೆ ಇಲ್ಲದ, ಕೈಯಲ್ಲೇ ಮಾಡಿ ತೋರಿಸುವ ಪರೀಕ್ಷೆಗಳೂ ಇವೆ. ಇನ್ನೊಂದು, ಬುದ್ಧಿ ಪರೀಕ್ಷೆಗೆ ಮುಂಚೆ ಕಣ್ಣು ಮತ್ತು ಕಿವಿ ಪರೀಕ್ಷೆ ಆಗಬೇಕು. ಕಿವಿ ಸೋರಿ ಸೋರಿ ಸರಿಯಾಗಿ ಕೇಳಿಸದ ಮಗುವನ್ನು "ಮಂದ" ಅಂತ ಹಿಂದಿನ ಬೆಂಚಿನಲ್ಲಿ ಕೂರಿಸೋದು ಇವತ್ತಿಗೂ ನಡೀತಾ ಇದೆ. ಕಿವಿ ಮತ್ತು ಮಾತಿನ ತೊಂದರೆಗೆ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೇ ಇದೆ. ಜಿಲ್ಲಾ ಆಸ್ಪತ್ರೆಯಲ್ಲೂ ಕಿವಿ ತೋರಿಸಬಹುದು.

ಬುದ್ಧಿ ಚೆನ್ನಾಗೇ ಇದ್ದು ಓದೋದು, ಬರೆಯೋದು ಅಥವಾ ಲೆಕ್ಕ ಮಾತ್ರ ಹಿಡಿತಕ್ಕೆ ಸಿಗದ ಮಕ್ಕಳಿದ್ದಾರೆ. ಮಾತಾಡಿದ್ರೆ ಚುರುಕು, ದನ ಕರು ಲೆಕ್ಕ ಎಲ್ಲಾ ಹೇಳ್ತಾನೆ, ಪುಸ್ತಕ ತೆಗೆದರೆ ಅಕ್ಷರ ತಿರುಗಾಮುರುಗಾ. ಇದು ಕಲಿಕಾ ನ್ಯೂನತೆ. ಬುದ್ಧಿಮಾಂದ್ಯತೆ ಬೇರೆ, ಇದು ಬೇರೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯಲ್ಲಿ ಇರುವ 21 ವಿಧದ ಅಂಗವಿಕಲತೆಗಳಲ್ಲಿ ಇದೂ ಒಂದು. ಇಂಥ ಮಕ್ಕಳಿಗೆ ಸರಿಯಾದ ದಾಖಲೆ ಇದ್ದರೆ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆದುಕೊಡುವ ಸಹಾಯಕರು ಇಂಥ ಸೌಲಭ್ಯ ಸಿಗುತ್ತದೆ. ಪರೀಕ್ಷೆಗೆ ಹೆದರಿ ಮನೆಯಲ್ಲಿ ಕೂರಿಸಿಕೊಂಡರೆ ಮಗುವಿಗೆ ಬೆತ್ತದ ಏಟು ಮಾತ್ರ ಸಿಗುತ್ತದೆ.

ಇನ್ನು ಆ ತಾಯಿ ಕೇಳಿದ ಪ್ರಶ್ನೆ, ಶಾಲೆಯಿಂದ ತೆಗೆದುಹಾಕ್ತಾರಾ ಅಂತ. ಹಾಗೆ ಮಾಡುವ ಹಾಗಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಎಂಟನೇ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ. ಅಂಗವಿಕಲತೆ ಇದೆ ಅಂತ ಸೇರಿಸಿಕೊಳ್ಳದೆ ಇರುವಂತೆಯೂ ಇಲ್ಲ. ಟೀಚರ್ ಪರೀಕ್ಷೆ ಮಾಡಿಸಿ ಅಂದಾಗ ಜಗಳ ಮಾಡಬೇಡಿ, ಆದರೆ ಒಂದು ಮಾತು ಕೇಳಿ: "ರಿಪೋರ್ಟ್ ಬಂದ ಮೇಲೆ ನಮ್ಮ ಮಗುವಿಗೆ ನೀವು ಏನು ಬೇರೆ ರೀತಿ ಹೇಳಿಕೊಡ್ತೀರಿ ಟೀಚರ್?" ಉತ್ತರ ಇದ್ದರೆ ಆ ಪರೀಕ್ಷೆಗೆ ಅರ್ಥ ಇದೆ.

ಸರ್ಟಿಫಿಕೇಟ್ ಮಾಡಿಸಿದ್ರೆ ಮುಂದೆ ಮದುವೆಗೆ ತೊಂದರೆ, ಅಕ್ಕ-ತಂಗಿಯರ ಸಂಬಂಧಕ್ಕೂ ತೊಂದರೆ ಅಂತ ಬಹಳ ಮನೆಗಳಲ್ಲಿ ಹಿಂಜರಿಯುತ್ತಾರೆ. ಶೇಕಡಾ 40 ಅಥವಾ ಹೆಚ್ಚು ಅಂಗವಿಕಲತೆ ಇದ್ದರೆ ಮಾತ್ರ ಹೆಚ್ಚಿನ ಸರ್ಕಾರಿ ಸವಲತ್ತು ಸಿಗೋದು. ಯುಡಿಐಡಿ ಕಾರ್ಡ್ ನಿಮ್ಮ ಪೆಟ್ಟಿಗೆಯಲ್ಲಿ ಇರುತ್ತೆ, ಗೋಡೆಗೆ ಅಂಟಿಸಬೇಕಾಗಿಲ್ಲ. ಬೇಕಾದ ಕಡೆ ತೋರಿಸಿ, ಬೇಡದ ಕಡೆ ತೋರಿಸಬೇಡಿ. ಮಗುವಿಗೆ ಸಿಗಬೇಕಾದ ಪಿಂಚಣಿಯನ್ನು ಊರಿನವರ ಬಾಯಿಗೆ ಹೆದರಿ ಬಿಡೋದು ನಮಗೆ ಸರಿ ಕಾಣುವುದಿಲ್ಲ.

ದೊಡ್ಡವರ ವಿಷಯಕ್ಕೆ ಬರೋಣ. ಇಬ್ಬರು ಡಾಕ್ಟರು ಎರಡು ಹೆಸರು ಹೇಳಿದರೆ ಏನು ಮಾಡೋದು?

ಶುಗರ್ ಇದೆಯೋ ಇಲ್ಲವೋ ರಕ್ತ ಹೇಳಿಬಿಡುತ್ತೆ. ಮೂಳೆ ಮುರಿದಿದೆಯಾ ಎಕ್ಸರೇ ಹೇಳುತ್ತೆ. ಖಿನ್ನತೆ, ಸ್ಕಿಜೋಫ್ರೇನಿಯಾ, ಬೈಪೋಲಾರ್ ಅಂತ ಹೇಳುವ ಕಾಯಿಲೆಗಳಿಗೆ ಅಂಥ ರಕ್ತ ಪರೀಕ್ಷೆ ಇಲ್ಲ, ಸ್ಕ್ಯಾನ್ ಇಲ್ಲ. ರೋಗಿ ಏನು ಹೇಳ್ತಾರೆ, ಮನೆಯವರು ಏನು ಹೇಳ್ತಾರೆ, ಎಷ್ಟು ದಿನದಿಂದ ಇದೆ, ನಿದ್ದೆ ಊಟ ಹೇಗಿದೆ, ಎದುರು ಕೂತಾಗ ಹೇಗೆ ಕಾಣ್ತಾರೆ, ಇದನ್ನೆಲ್ಲ ಕೂಡಿಸಿ ಡಾಕ್ಟರು ಒಂದು ಹೆಸರು ಬರೀತಾರೆ. ಹಾಗಾದ್ರೆ ರಕ್ತ ಪರೀಕ್ಷೆ ಯಾಕೆ ಮಾಡಿಸ್ತಾರೆ ಅಂತ ನೀವು ಕೇಳಬಹುದು. ಥೈರಾಯ್ಡ್ ಕಡಿಮೆ ಇದ್ದರೂ, ಬಿ12 ಜೀವಸತ್ವ ಕಡಿಮೆ ಇದ್ದರೂ, ರಕ್ತಹೀನತೆ ಇದ್ದರೂ ಮೈಮನಸ್ಸು ಎರಡೂ ಸೋತುಹೋಗಿ ಖಿನ್ನತೆಯ ಹಾಗೇ ಕಾಣಬಹುದು. ಅದನ್ನು ಮೊದಲು ನೋಡಿಬಿಡಲಿಕ್ಕೆ. ಯಾರೂ ಥೈರಾಯ್ಡ್ ನೋಡದೇ ಇದ್ದರೆ ನೀವೇ "ಅದನ್ನೂ ನೋಡಬೇಕಾ ಡಾಕ್ಟ್ರೇ?" ಅಂತ ಕೇಳಬಹುದು.

ಹೀಗೆ ಮಾತಿನ ಮೇಲೆ ನಿಂತಿರುವ ತೀರ್ಮಾನ ಆದ್ದರಿಂದ ಡಾಕ್ಟರ ನಡುವೆ ಭಿನ್ನಾಭಿಪ್ರಾಯ ಬರುವುದು ಇದೆ. ದೊಡ್ಡ ದೊಡ್ಡ ದೇಶದಲ್ಲೇ ಬಂದಿದೆ. 1970ರ ಹೊತ್ತಿಗೆ ಅಮೆರಿಕ ಮತ್ತು ಇಂಗ್ಲೆಂಡಿನ ಸಂಶೋಧಕರು ಒಂದೇ ರೋಗಿಗಳ ಸಂದರ್ಶನವನ್ನು ಚಿತ್ರೀಕರಿಸಿ ಎರಡೂ ದೇಶದ ಮನೋವೈದ್ಯರಿಗೆ ತೋರಿಸಿದರು. ಕೆಲವು ರೋಗಿಗಳ ವಿಷಯದಲ್ಲಿ ಅಮೆರಿಕದವರು ಸ್ಕಿಜೋಫ್ರೇನಿಯಾ ಅಂದರು, ಇಂಗ್ಲೆಂಡಿನವರು ಬೇರೆ ಹೆಸರು ಹೇಳಿದರು. ರೋಗಿ ಅದೇ, ಮಾತು ಅದೇ. ಇದಾದ ಮೇಲೆಯೇ ಯಾವ ಲಕ್ಷಣ ಎಷ್ಟು ದಿನ ಇದ್ದರೆ ಯಾವ ಹೆಸರು ಅಂತ ಕಟ್ಟುನಿಟ್ಟಿನ ನಿಯಮಗಳು ಹೆಚ್ಚಾಗಿದ್ದು. ಈಗ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿ ಇದೆ, ಅದರ ಹನ್ನೊಂದನೇ ಆವೃತ್ತಿ 2022ರಿಂದ ಜಾರಿಯಲ್ಲಿದೆ. ಪಟ್ಟಿಯಲ್ಲಿದ್ದ ಹೆಸರುಗಳು ಹೋಗಿರುವುದೂ ಉಂಟು. "ಅವಳಿಗೆ ಹಿಸ್ಟೀರಿಯಾ" ಅಂತ ನಮ್ಮ ಅಜ್ಜಿಯರ ಕಾಲದಲ್ಲಿ ಎಷ್ಟು ಹೆಣ್ಣುಮಕ್ಕಳಿಗೆ ಹೇಳಿಲ್ಲ? ಆ ಹೆಸರು ಗರ್ಭಕೋಶ ಅನ್ನುವ ಗ್ರೀಕ್ ಪದದಿಂದ ಬಂದಿದ್ದು. ಅಮೆರಿಕದ ಮನೋವೈದ್ಯರ ಸಂಘ 1980ರಲ್ಲಿ ಹೊಸ ಪಟ್ಟಿ ಮಾಡಿದಾಗ ಅದನ್ನು ಕೈಬಿಟ್ಟಿತು. ಹೆಣ್ಣಿಗೆ ಗರ್ಭಕೋಶ ಇರುವುದೇ ಕಾಯಿಲೆ ಅನ್ನುವ ಹಾಗಿತ್ತು ಹಿಂದಿನವರ ಲೆಕ್ಕ!

ಇಷ್ಟು ಕೇಳಿದ ಮೇಲೆ "ಹಾಗಾದ್ರೆ ಇದೆಲ್ಲ ಸುಳ್ಳು" ಅಂತ ಯಾರೂ ಮನೆಗೆ ಹೋಗಬಾರದು. ಹೆಸರಿನ ಬಗ್ಗೆ ವಾದ ಇರಬಹುದು, ಸಂಕಟ ನಿಜ. ಮೂರು ವಾರದಿಂದ ನಿದ್ದೆ ಮಾಡದೆ, ಯಾರೋ ತನ್ನನ್ನು ಬೈಯುವ ಧ್ವನಿ ಕೇಳಿಸಿಕೊಳ್ಳುತ್ತಾ ಇರುವ ಹೆಂಗಸಿಗೆ ಹೆಸರು ಯಾವುದಾದರೇನು, ಅವರಿಗೆ ಇವತ್ತೇ ಚಿಕಿತ್ಸೆ ಬೇಕು. ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ 12 ರಾಜ್ಯಗಳಲ್ಲಿ ಸಮೀಕ್ಷೆ ಮಾಡಿದಾಗ, ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕಿಂತ ಸ್ವಲ್ಪ ಹೆಚ್ಚು ಜನರಿಗೆ ಆ ಹೊತ್ತಿನಲ್ಲಿ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಅವರಲ್ಲಿ ಚಿಕಿತ್ಸೆ ಸಿಗದವರು ಕಾಯಿಲೆಗೆ ತಕ್ಕ ಹಾಗೆ ನೂರಕ್ಕೆ 70ರಿಂದ 92. ಹೆಸರಿಗೆ ಹೆದರಿ ಮರೆಮಾಚಿದವರು ಇದರಲ್ಲಿ ಎಷ್ಟು ಜನ ಇರಬಹುದು ಅಂತ ನೀವೇ ಯೋಚನೆ ಮಾಡಿ.

ಮೊದಲ ಭೇಟಿಯಲ್ಲಿ ಖಿನ್ನತೆ ಅಂತ ಬರೆದದ್ದು ಎರಡು ವರ್ಷದ ನಂತರ ಬೈಪೋಲಾರ್ ಅಂತ ಬದಲಾಗಬಹುದು. ಮೊದಲಿನ ಡಾಕ್ಟರು ತಪ್ಪು ಮಾಡಿದರು ಅಂತಲೇ ಅಲ್ಲ. ಆಗ ಅತಿ ಉತ್ಸಾಹದ, ನಿದ್ದೆ ಬೇಡದ ಕಾಲ ಇನ್ನೂ ಬಂದಿರಲಿಲ್ಲ, ಕಾಯಿಲೆಯ ಒಂದು ಮುಖ ಮಾತ್ರ ಕಂಡಿತ್ತು. ಆದ್ದರಿಂದ ಎರಡನೆಯವರ ಹತ್ತಿರ ಹೋಗುವಾಗ ಮೊದಲನೆಯವರ ಚೀಟಿಯನ್ನು ಬಚ್ಚಿಡಬೇಡಿ. ಎಲ್ಲಾ ಚೀಟಿ, ಮಾತ್ರೆಯ ಖಾಲಿ ಪಟ್ಟಿ ತಗೊಂಡು ಹೋಗಿ. ಎರಡನೇ ಅಭಿಪ್ರಾಯ ಕೇಳೋದು ನಿಮ್ಮ ಹಕ್ಕು, ಡಾಕ್ಟರಿಗೆ ಅವಮಾನ ಆಗುವುದಿಲ್ಲ. ಆದರೆ ಅನುಮಾನ ಬಂತು ಅಂತ ಮಾತ್ರೆಯನ್ನು ನೀವೇ ತಟ್ಟನೆ ನಿಲ್ಲಿಸಬೇಡಿ. ಕೆಲವು ಮಾತ್ರೆಗಳನ್ನು ಹಾಗೆ ನಿಲ್ಲಿಸಿದರೆ ಕಾಯಿಲೆ ಮೊದಲಿಗಿಂತ ಜೋರಾಗಿ ತಿರುಗಿ ಬರುತ್ತದೆ.

ಒಂಬತ್ತು ಪ್ರಶ್ನೆ, ಹತ್ತು ಪ್ರಶ್ನೆ ಇರುವ ಒಂದು ಹಾಳೆ ಕೊಟ್ಟು ಹೌದು-ಇಲ್ಲ ಗುರುತು ಹಾಕಿಸುವುದನ್ನು ಕ್ಯಾಂಪುಗಳಲ್ಲಿ ನೋಡಿರ್ತೀರಿ, ಈಗ ಮೊಬೈಲಿನಲ್ಲೂ ಬರ್ತದೆ. ಅದು ಜರಡಿ ಹಿಡಿಯುವ ಕೆಲಸ ಮಾತ್ರ. ಅಂಕ ಹೆಚ್ಚು ಬಂದರೆ ಡಾಕ್ಟರಿಗೆ ತೋರಿಸಬೇಕು ಅಂತ ಅರ್ಥ, ಕಾಯಿಲೆ ಇದೆ ಅಂತ ಅಲ್ಲ.

ಯಾರ ಹತ್ತಿರ ಹೋಗ್ತಿದ್ದೀರಿ ಅನ್ನೋದನ್ನೂ ನೋಡಿ. ಮಾತ್ರೆ ಬರೆಯುವ ಮನೋವೈದ್ಯರು ಎಂಬಿಬಿಎಸ್ ಓದಿ ಮೇಲೆ ಮನೋರೋಗ ವಿಭಾಗದಲ್ಲಿ ಓದಿದವರು. ಪರೀಕ್ಷೆಗಳನ್ನು ಮಾಡುವ ಕ್ಲಿನಿಕಲ್ ಸೈಕಾಲಜಿಸ್ಟ್‌ಗೆ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಇರಬೇಕು. ರಿಪೋರ್ಟಿನ ಕೆಳಗೆ ಹೆಸರು, ಸಹಿ, ನೋಂದಣಿ ಸಂಖ್ಯೆ, ಯಾವ ಪರೀಕ್ಷೆ, ಯಾವ ತಾರೀಕು ಅಂತ ಇರಬೇಕು. ನಾಲ್ಕು ದಿನದ ತರಬೇತಿ ಮಾಡಿಕೊಂಡು ಬೋರ್ಡು ಹಾಕಿದವರ ಕಾಗದಕ್ಕೆ ಬೆಲೆ ಇಲ್ಲ.

ಈಗ ಮೂರನೇ ಪ್ರಶ್ನೆ. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ಮಾತಾಡ್ತೇವೆ, ಯಾಕಂದ್ರೆ ಹೆದರಿಸುವವರು ನಿಮಗೆ ಕಾನೂನು ಗೊತ್ತಿಲ್ಲ ಅನ್ನುವ ಧೈರ್ಯದ ಮೇಲೇ ಹೆದರಿಸುವುದು.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 3ನೇ ಸೆಕ್ಷನ್ ಬಹಳ ಸ್ಪಷ್ಟವಾಗಿದೆ. ಊರಿನ ಕಟ್ಟುಪಾಡಿಗೆ, ಮನೆಯ ಸಂಪ್ರದಾಯಕ್ಕೆ ಒಬ್ಬರು ಹೊಂದಿಕೊಳ್ಳಲಿಲ್ಲ ಅನ್ನುವ ಕಾರಣಕ್ಕೆ ಅವರಿಗೆ ಮಾನಸಿಕ ಕಾಯಿಲೆ ಇದೆ ಅಂತ ತೀರ್ಮಾನಿಸುವಂತಿಲ್ಲ. ಎದುರು ಮಾತಾಡ್ತಾಳೆ, ಅಡುಗೆ ಮಾಡಲ್ಲ, ಅತ್ತೆಯ ಮಾತು ಕೇಳಲ್ಲ, ಸಂಘದ ಸಭೆಗೆ ಓಡ್ತಾಳೆ, ಇದ್ಯಾವುದೂ ಕಾಯಿಲೆ ಅಲ್ಲ. ಹಿಂದೆ ಯಾವಾಗಲೋ ಚಿಕಿತ್ಸೆ ಪಡೆದಿದ್ದರೆ, ಆಸ್ಪತ್ರೆಯಲ್ಲಿದ್ದರೆ, ಅದೊಂದರಿಂದಲೇ ಈಗಲೂ ಕಾಯಿಲೆ ಇದೆ ಅನ್ನುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾದ ಮಾತು, ಕಾಯಿಲೆ ಇದೆ ಅಂತ ಡಾಕ್ಟರು ಬರೆದ ಮಾತ್ರಕ್ಕೆ ಆಕೆ "ಬುದ್ಧಿ ಸ್ವಾಧೀನದಲ್ಲಿ ಇಲ್ಲದವಳು" ಅಂತ ಆಗುವುದಿಲ್ಲ. ಅದನ್ನು ಹೇಳಬೇಕಾದ್ದು ನ್ಯಾಯಾಲಯ. ಡಾಕ್ಟರಲ್ಲ, ಗಂಡನಲ್ಲ, ಊರಿನ ಹಿರಿಯರಲ್ಲ.

ಡೈವೋರ್ಸ್ ವಿಷಯ. ಹಿಂದೂ ವಿವಾಹ ಕಾಯ್ದೆಯಲ್ಲೂ, ಕ್ರೈಸ್ತರಿಗೆ ಅನ್ವಯಿಸುವ 1869ರ ವಿಚ್ಛೇದನ ಕಾಯ್ದೆಯಲ್ಲೂ ಮಾನಸಿಕ ಅಸ್ವಸ್ಥತೆ ಒಂದು ಕಾರಣವಾಗಿ ಇದೆ. ಇಲ್ಲ ಅಂತ ನಾವು ಸುಳ್ಳು ಹೇಳೋದಿಲ್ಲ. ಆದರೆ ಒಂದು ಸರ್ಟಿಫಿಕೇಟ್ ತೋರಿಸಿದ ತಕ್ಷಣ ಕೋರ್ಟು ಸೀಲು ಒತ್ತುವುದಿಲ್ಲ. 1988ರಲ್ಲಿ ರಾಮ್ ನಾರಾಯಣ್ ಗುಪ್ತ ಮತ್ತು ರಾಮೇಶ್ವರಿ ಗುಪ್ತ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸ್ಕಿಜೋಫ್ರೇನಿಯಾ ಅನ್ನುವ ಹೆಸರು ಇದ್ದರೆ ಸಾಲದು, ಜೊತೆಯಲ್ಲಿ ಬಾಳಲು ಸಾಧ್ಯವೇ ಇಲ್ಲ ಅನ್ನುವಷ್ಟು ತೀವ್ರವಾಗಿದೆಯಾ ಅಂತ ನೋಡಬೇಕು ಅಂತ ಹೇಳಿತು. ಇನ್ನೊಂದು ತೀರ್ಪು 2003ರದ್ದು, ಶಾರದಾ ಮತ್ತು ಧರ್ಮಪಾಲ್ ಪ್ರಕರಣ. ಅದರ ಪ್ರಕಾರ ಗಟ್ಟಿ ಆಧಾರ ಇದ್ದರೆ ಹೆಂಡತಿಯ ವೈದ್ಯಕೀಯ ಪರೀಕ್ಷೆಗೆ ಕೋರ್ಟು ಆದೇಶ ಮಾಡಬಹುದು. ಆದೇಶ ಆದ ಮೇಲೂ ಹೋಗದೇ ಇದ್ದರೆ ಅದನ್ನು ಆಕೆಯ ವಿರುದ್ಧವೇ ಅರ್ಥ ಮಾಡಿಕೊಳ್ಳಬಹುದು. ಆದ್ದರಿಂದ ಕೋರ್ಟಿನ ಆದೇಶ ಬಂದರೆ ತಪ್ಪಿಸಿಕೊಂಡು ಓಡಬೇಡಿ, ವಕೀಲರನ್ನು ಕೇಳಿ ಹೋಗಿ. ಗಂಡನ ಮನೆಯವರು ತಾವೇ ಕಾರು ಹತ್ತಿಸಿಕೊಂಡು "ಬಾ, ತಲೆನೋವಿಗೆ ತೋರಿಸೋಣ" ಅಂತ ಕರೆದುಕೊಂಡು ಹೋಗೋದು ಬೇರೆ. ಅಲ್ಲಿ ಡಾಕ್ಟರ ಎದುರು ಒಬ್ಬರೇ ಮಾತಾಡಬೇಕು ಅಂತ ನೀವು ಕೇಳಬಹುದು, ಕೇಳಲೇಬೇಕು.

ನ್ಯಾಯಾಲಯದಲ್ಲಿ ಒಬ್ಬರು ಕಾಯಿಲೆಯ ಪುರಾವೆ ಕೊಟ್ಟು ಇನ್ನೊಬ್ಬರು ಒಪ್ಪದೇ ಇದ್ದರೆ, ಅದನ್ನು ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿಗೆ ಕಳಿಸಬೇಕು ಅಂತ 2017ರ ಕಾಯ್ದೆಯ 105ನೇ ಸೆಕ್ಷನ್ ಹೇಳುತ್ತದೆ. "ನಾನು ಇದನ್ನು ಒಪ್ಪುವುದಿಲ್ಲ" ಅನ್ನುವ ಮಾತು ಬಾಯಲ್ಲಿ ಹೇಳಿದರೆ ಸಾಲದು, ಬರವಣಿಗೆಯಲ್ಲಿ ದಾಖಲಾಗಬೇಕು. ವಕೀಲರ ಫೀಸಿಗೆ ದುಡ್ಡಿಲ್ಲ ಅಂತ ಸುಮ್ಮನಿರಬೇಡಿ. ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ಉಚಿತ ಕಾನೂನು ನೆರವು ಇದೆ. ತಾಲ್ಲೂಕು ಕೋರ್ಟಿನಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ, ಅರ್ಜಿ ಕೊಟ್ಟರೆ ವಕೀಲರನ್ನು ಕೊಡುತ್ತಾರೆ.

ಒಪ್ಪಿಗೆ ಇಲ್ಲದೆ ಆಸ್ಪತ್ರೆಗೆ ಸೇರಿಸಿಬಿಡ್ತಾರೆ ಅನ್ನುವ ಭಯವೂ ಇದೆ. ಗಂಡ ಒಬ್ಬರೇ ಸಹಿ ಹಾಕಿದರೆ ಆಗುವುದಿಲ್ಲ. ಒಬ್ಬ ಮನೋವೈದ್ಯರು ಮತ್ತು ಇನ್ನೊಬ್ಬ ಅರ್ಹರು ಬೇರೆ ಬೇರೆಯಾಗಿ ನೋಡಿ, ಸೇರಿಸುವುದು ಅಗತ್ಯ ಅಂತ ಇಬ್ಬರೂ ಬರೆಯಬೇಕು. ಹೆಂಗಸಾದರೆ ಮೂರು ದಿನದೊಳಗೆ ಪುನರ್ವಿಮರ್ಶಾ ಮಂಡಳಿಗೆ ಆಸ್ಪತ್ರೆಯವರು ತಿಳಿಸಬೇಕು. ಸೇರಿಸಿದ್ದು ಸರಿಯಲ್ಲ ಅಂತ ಆಕೆ ಮಂಡಳಿಗೆ ಅರ್ಜಿ ಕೊಡಬಹುದು. ಮೂರು ವರ್ಷದೊಳಗಿನ ಮಗುವಿದ್ದರೆ ಸಾಮಾನ್ಯವಾಗಿ ತಾಯಿಯಿಂದ ಬೇರೆ ಮಾಡುವಂತಿಲ್ಲ. ಕರೆಂಟ್ ಚಿಕಿತ್ಸೆಯನ್ನು ಅರಿವಳಿಕೆ ಕೊಡದೆ ಮಾಡುವಂತಿಲ್ಲ. ಆಸ್ಪತ್ರೆಯವರು ನಿಮ್ಮ ವಿಷಯವನ್ನು ಹೊರಗೆ ಹೇಳುವಂತಿಲ್ಲ, ನಿಮ್ಮ ಮೂಲ ದಾಖಲೆಗಳನ್ನು ನೀವು ಕೇಳಿದರೆ ಕೊಡಬೇಕು.

ಈ ಕಾಯ್ದೆಯಲ್ಲಿ ನಮಗೆ ಬಹಳ ಇಷ್ಟವಾದ ಒಂದು ಅವಕಾಶ ಇದೆ, ಆದರೆ ಯಾರೂ ಬಳಸುತ್ತಿಲ್ಲ. ಮುಂದೆ ನಿಮಗೆ ಇಂಥ ಕಾಯಿಲೆ ಬಂದರೆ ಚಿಕಿತ್ಸೆಯ ವಿಷಯದಲ್ಲಿ ನಿಮ್ಮ ಪರವಾಗಿ ಯಾರು ನಿಲ್ಲಬೇಕು ಅಂತ ನೀವೇ ಇವತ್ತು ಬರೆದಿಡಬಹುದು. ನಾಮನಿರ್ದೇಶಿತ ಪ್ರತಿನಿಧಿ ಅನ್ನುತ್ತಾರೆ. ಸ್ಟಾಂಪ್ ಪೇಪರ್ ಬೇಡ, ಬಿಳಿ ಹಾಳೆ ಸಾಕು, ಸಹಿ ಬಾರದಿದ್ದರೆ ಹೆಬ್ಬೆಟ್ಟು ಸಾಕು. ಆ ವ್ಯಕ್ತಿ ವಯಸ್ಕರಾಗಿರಬೇಕು, ಅವರೂ ಒಪ್ಪಿ ಬರೆದುಕೊಡಬೇಕು. ಗಂಡನೇ ಆಗಬೇಕು ಅಂತಿಲ್ಲ. ಅಕ್ಕ ಆಗಬಹುದು, ತವರಿನ ಅಣ್ಣ ಆಗಬಹುದು, ನಂಬಿಕೆಯ ಸಂಘದ ಗೆಳತಿಯೂ ಆಗಬಹುದು. ಬೇಕಾದಾಗ ಬದಲಾಯಿಸಬಹುದು.

ಕೊನೆಯದಾಗಿ ನಮ್ಮ ಸಂಘದೊಳಗಿನ ಮಾತು, ಸ್ವಲ್ಪ ಖಾರವಾಗಿಯೇ ಹೇಳ್ತೇವೆ. "ಅವಳು ಮಾತ್ರೆ ತಗೋತಾಳೆ, ಅವಳಿಗೆ ಸಾಲ ಕೊಟ್ಟರೆ ನಾಳೆ ಸಹಿ ನಡೆಯಲ್ಲ" ಅಂತ ಒಂದು ಸಂಘದಲ್ಲಿ ಒಬ್ಬ ಸದಸ್ಯೆಯ ಅರ್ಜಿಯನ್ನು ಮೂರು ಸಭೆ ಮುಂದೂಡಿದ್ದಾರೆ. ಹತ್ತು ವರ್ಷದಿಂದ ಒಂದು ವಾರವೂ ಉಳಿತಾಯ ತಪ್ಪಿಸದವರು ಅವರು! 1872ರ ಕರಾರು ಕಾಯ್ದೆಯೇ ಹೇಳುತ್ತದೆ, ಆಗಾಗ ಬುದ್ಧಿ ಅಸ್ವಸ್ಥವಾಗುವವರು ಕೂಡ ಬುದ್ಧಿ ಸರಿಯಿದ್ದ ಹೊತ್ತಿನಲ್ಲಿ ಮಾಡಿದ ಕರಾರು ನಡೆಯುತ್ತದೆ ಅಂತ. ಮಾತ್ರೆ ತೆಗೆದುಕೊಂಡು ಚೆನ್ನಾಗಿರುವವರ ಸಹಿಗೆ ಏನು ಕೊರತೆ? ಮರುಪಾವತಿ ಶಕ್ತಿ ನೋಡಿ, ಬೇರೆ ಸದಸ್ಯೆಯರಿಗೆ ಏನು ಕೇಳ್ತೀರೋ ಅದನ್ನೇ ಕೇಳಿ. ಮಾತ್ರೆಯ ವಿಷಯ ಠರಾವು ಪುಸ್ತಕದಲ್ಲಿ ಬರೆಯಲೇ ಬಾರದು. ಸಭೆಯಲ್ಲಿ ಒಬ್ಬರನ್ನೊಬ್ಬರು "ಮೆಂಟಲ್" ಅಂತ ತಮಾಷೆ ಮಾಡುವುದನ್ನೂ ಬಿಡಬೇಕು. ಪಕ್ಕದಲ್ಲಿ ಕೂತವರ ಮನೆಯಲ್ಲಿ ಏನಿದೆ ಅಂತ ನಮಗೆ ಗೊತ್ತಿರುವುದಿಲ್ಲ.

ಎಲ್ಲಿ ತೋರಿಸಬೇಕು ಅಂತ ಕೇಳ್ತೀರಿ. 1985ರಲ್ಲಿ ನಮ್ಮ ಬಳ್ಳಾರಿಯಲ್ಲೇ ಮೊದಲು ಪ್ರಯೋಗ ಮಾಡಿ, ಆಮೇಲೆ ದೇಶಕ್ಕೆಲ್ಲ ಹರಡಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಇದೆ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗ ಕೇಳಿ. ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ಮನೋಚೈತನ್ಯ ಕಾರ್ಯಕ್ರಮ 2014ರಲ್ಲಿ ಮಂಗಳವಾರಗಳಂದು ಶುರುವಾಗಿದ್ದು. ನಿಮ್ಮ ಕಡೆ ಯಾವ ವಾರ ಬರ್ತಾರೆ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಇದ್ದೇ ಇವೆ. ಮನೆಯಿಂದ ಹೊರಡಲು ಆಗದವರು 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ ಹೆಸರು, 2022ರಲ್ಲಿ ಆರಂಭವಾದದ್ದು, ಹಗಲು ರಾತ್ರಿ ಉಚಿತ, ಕನ್ನಡದಲ್ಲಿ ಮಾತಾಡ್ತಾರೆ.

ಮಧ್ಯಾಹ್ನದ ಊಟದ ನಂತರ ನಾಮನಿರ್ದೇಶಿತ ಪ್ರತಿನಿಧಿಯ ಹಾಳೆ ಬರೆಯುವುದು ಹೇಗೆ ಅಂತ ಗುಂಪು ಗುಂಪಾಗಿ ಮಾಡಿ ತೋರಿಸುತ್ತೇವೆ. ಮುಂದಿನ ಒಕ್ಕೂಟದ ಸಭೆಗೆ ಬರುವಾಗ ಮಕ್ಕಳ ರಿಪೋರ್ಟ್ ಇದ್ದವರು ಅದರ ಜೆರಾಕ್ಸ್ ತನ್ನಿ. ಮೂಲ ಪ್ರತಿ ಮನೆಯಲ್ಲೇ ಇರಲಿ.